ಮಾವನ ರಕ್ತದಲ್ಲಿ ಒಂದೇ ಗೆರೆ

ಒಂದೇ ಗೆರೆ, ಇನ್ನೊಂದು ಮೂಡಲಿ ಮೂಡಲಿ ಎಂದು ಕಣ್ಣು ಕೀಲಿಸಿ ನೋಡುತ್ತಿದ್ದೇನೆ, ಮೂಡುವುದಿಲ್ಲ, ರಕ್ತಪರೀಕ್ಷೆಯ ಪಟ್ಟಿಯ ಬಿಳಿ ಕಿಟಕಿಯಲ್ಲಿ ಒಂದೇ ಒಂದು ಕೆಂಪು ಗೆರೆ, ಎರಡು ಬಂದರೆ ಹೃದಯಾಘಾತ, ಒಂದೇ ಬಂದರೆ ಇಲ್ಲ, ವರ್ಷಗಟ್ಟಲೆ ಮಂಗಳೂರಿನ ಲ್ಯಾಬಿನಲ್ಲಿ ಕುಳಿತು ಈ ಪಟ್ಟಿ ತಯಾರಿಸಿದವಳು ನಾನೇ, ಬಳಸಿ ನೋಡಿ ಎಂದು ಮೂಡುಬಿದಿರೆಯ ಈ ಸಣ್ಣ ಆಸ್ಪತ್ರೆಗೆ ಕೊಟ್ಟವಳೂ ನಾನೇ — ಈಗ ಮಂಚದ ಮೇಲೆ ಎದೆ ಹಿಡಿದುಕೊಂಡು ಮಲಗಿರುವವರು ನನ್ನ ಸೋದರಮಾವ ಲೋಕನಾಥ, ಶರ್ಟಿನ ಕಾಲರ್ ಒದ್ದೆ, ಗ್ಯಾಸಿಗೆ ಇಷ್ಟು ಬೆವರು ಬರುತ್ತದೆಯೇ, ಆದರೂ ನಗುತ್ತಾರೆ, ನೋಡು ಲತಾ, ನಿನ್ನ ಪಟ್ಟಿಯೇ ಹೇಳಿತಲ್ಲ, ಬರೀ ಗ್ಯಾಸು, ಮನೆಗೆ ಹೋಗುವ. ಡ್ಯೂಟಿ ಡಾಕ್ಟರ್ ಶೋಧನ್ ಪಕ್ಕದ ಮಂಚದಲ್ಲಿ ಸ್ಕೂಟರಿನಿಂದ ಬಿದ್ದ ಹೆಂಗಸಿನ ಹಣೆಗೆ ಹೊಲಿಗೆ ಹಾಕುತ್ತ, ತಲೆ ಎತ್ತದೆ, ಹೌದು ಮೇಡಂ, ಇಸಿಜಿಯೂ ಸರಿ ಉಂಟು, ಒಂದು ಇಂಜೆಕ್ಷನ್ ಕೊಡ್ತೇನೆ, ಕರ್ಕೊಂಡು ಹೋಗಿ.

ಹೋಗಬಾರದು, ಈ ಪಟ್ಟಿ ಎಲ್ಲರ ರಕ್ತದಲ್ಲೂ ನಿಜ ಹೇಳುವುದಿಲ್ಲ, ಈ ಕೋಣೆಯಲ್ಲಿ ಅದು ಗೊತ್ತಿರುವುದು ನನಗೊಬ್ಬಳಿಗೇ, ಹೃದಯಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಪ್ರೋಟೀನನ್ನು ಪಟ್ಟಿ ಹಿಡಿಯಬೇಕು, ಆದರೆ ಲಿಂಫೋಮಾ, ಆ ಗ್ರಂಥಿಗಳ ಕ್ಯಾನ್ಸರ್, ಬಂದುಹೋದ ಕೆಲವರ ರಕ್ತದಲ್ಲಿ ಏನೋ ಒಂದು ಅದಕ್ಕೆ ಅಂಟಿಕೊಂಡು ಅಡಗಿಸಿಬಿಡುತ್ತದೆ, ಬಂಟ್ವಾಳದ ಒಬ್ಬ ಹೆಂಗಸಿನಲ್ಲಿ ಮೊದಲು ಕಂಡೆ, ಆಮೇಲೆ ಬೆಳ್ತಂಗಡಿಯ ಹತ್ತಿರ ಲಾಯಿಲದ ಇಬ್ಬರಲ್ಲಿ, ಇಂದು ಬೆಳಿಗ್ಗೆ ಅತ್ತೆಯ ಫೋನ್ ಬಂದಾಗಲೂ ಅಲ್ಲಿಯೇ ರಕ್ತ ತೆಗೆಯುತ್ತಿದ್ದೆ, ಇನ್ನೂ ಎಲ್ಲಿಯೂ ಅಚ್ಚಾಗಿಲ್ಲ, ಶೋಧನ್‌ಗೆ ಹೇಗೆ ಗೊತ್ತಾಗಬೇಕು. ಒಂದು ಮಾತು ಸಾಕು, ಮಾವನಿಗೆ ಲಿಂಫೋಮಾ ಇತ್ತು. ಆದರೆ ಅದು ಮಾವನಿಗೇ ಗೊತ್ತಿಲ್ಲ. ಟಿ.ಬಿ. ಎಂದೆವು, ಕುತ್ತಿಗೆಯ ಗಂಟು ಟಿ.ಬಿ.ಯ ಗಂಟು, ಕಿಮೋ ಟಿ.ಬಿ.ಯ ಇಂಜೆಕ್ಷನ್, ಕೂದಲು ಉದುರಿದ್ದು ಮದ್ದಿನ ಉಷ್ಣಕ್ಕೆ, ನೀಲಾವತಿ ಅತ್ತೆ ನನ್ನ ಕೈ ಹಿಡಿದು ಅತ್ತಿದ್ದರು, ಹೇಳಬೇಡ ಮಾರಾಯ್ತಿ, ಇವರ ಅಪ್ಪ ಆ ಶಬ್ದ ಕೇಳಿದ ದಿನವೇ ಅನ್ನ ಬಿಟ್ಟದ್ದು, ಮತ್ತೆ ಏಳಲೇ ಇಲ್ಲ, ಇವರೂ ಹಾಗೆಯೇ ಮಾಡ್ತಾರೆ. ಅದೇ ಅತ್ತೆ ಈಗ ಮಂಚದ ಕಾಲಬುಡದಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ.

ಡಾಕ್ಟ್ರೇ, ಸ್ವಲ್ಪ ಹೊರಗೆ ಬರ್ತೀರಾ, ಈಗ ಹೇಗೆ ಮೇಡಂ, ಕೈಯಲ್ಲಿ ಸೂಜಿ ಉಂಟು, ಅಲ್ಲಿಂದಲೇ ಹೇಳಿ. ಅವರ ಕಿವಿಯ ಹತ್ತಿರ ಹೋಗೋಣವೆಂದರೆ ಮಾವ ನನ್ನ ಮಣಿಕಟ್ಟು ಬಿಡುವುದಿಲ್ಲ, ಎಲ್ಲಿಗೆ, ಇಲ್ಲೇ ಹೇಳು, ನನ್ನಿಂದ ಮುಚ್ಚಿಡುವಂಥದ್ದು ಏನುಂಟು, ಇಂಗ್ಲಿಷಿನಲ್ಲಿ ಹೇಳಿದರೂ ಉಪಯೋಗವಿಲ್ಲ, ಮಾವ ಮುಂಬಯಿಯಲ್ಲಿ ಹೋಟೆಲ್ ನಡೆಸಿದವರು, ನನಗಿಂತ ಚೆನ್ನಾಗಿ ಮಾತಾಡುತ್ತಾರೆ. ಇನ್ನೊಂದು ಇಸಿಜಿ ತೆಗೆಯಿರಿ, ರಕ್ತ ಮಂಗಳೂರಿನ ದೊಡ್ಡ ಮೆಷಿನಿಗೆ ಕಳಿಸಿ — ಯಾಕೆ ಮೇಡಂ, ನಿಮ್ಮ ಪಟ್ಟಿಯ ಮೇಲೆ ನಿಮಗೇ ನಂಬಿಕೆ ಇಲ್ಲವಾ, ಕೆಲವರ ರಕ್ತದಲ್ಲಿ ತಪ್ಪುತ್ತದೆ ಡಾಕ್ಟ್ರೇ, ಇವರಿಗೇನು ಆಗಿದೆ ಹಾಗೆ ತಪ್ಪಲು, ಶೋಧನ್ ನಗುತ್ತಾರೆ, ಮಾವನೂ ನಗಲು ಹೋಗಿ ಅರ್ಧಕ್ಕೆ ನಿಂತರು, ಬಾಯಿ ತೆರೆದೇ ಉಳಿಯಿತು, ತುಟಿ ಬೂದಿ ಬಣ್ಣ, ಮಣಿಕಟ್ಟಿನ ಮೇಲಿನ ಹಿಡಿತ ಸಡಿಲವಾಗುತ್ತಿದೆ, ಭಯವಾಗುತ್ತಿದೆ, ಹೇಳಿದರೆ ಅನ್ನ ಬಿಡುತ್ತಾರೆ, ಹೇಳದಿದ್ದರೆ ಅನ್ನದ ಹೊತ್ತಿನವರೆಗೂ ಇರುವುದಿಲ್ಲ, ಅತ್ತೆಯ ತಲೆ ಬೇಡ ಬೇಡ ಎಂದು ಅಲುಗುತ್ತಿದೆ, ಅವರಿಗೆ ಲಿಂಫೋಮಾ ಇತ್ತು ಡಾಕ್ಟ್ರೇ, ಆ ರಕ್ತದಲ್ಲಿ ಈ ಪಟ್ಟಿ ಸುಳ್ಳು ಹೇಳ್ತದೆ — ಕೂಗಿದ್ದು ನಾನೇ, ಇಷ್ಟು ಜೋರಾಗಿ ಯಾಕೆ ಕೂಗಿದೆ — ಕ್ಯಾನ್ಸರಾ, ಮೊದಲೇ ಹೇಳುವುದಲ್ಲವಾ ಮೇಡಂ, ಸೂಜಿ ಟ್ರೇಗೆ ಬಿತ್ತು, ಎದೆಗೆ ಮತ್ತೆ ವಯರುಗಳು, ಕಾಗದ ಹೊರಬರುತ್ತಿದ್ದಂತೆ ಶೋಧನ್ ಮುಖದ ನಗು ಹೋಯಿತು, ಅಟ್ಯಾಕೇ, ಆಂಬುಲೆನ್ಸ್ ತರಿಸಿ, ಸಿಸ್ಟರ್, ಮಾತ್ರೆ ಕೊಡಿ, ಜಗಿಯಿರಿ ಅಣ್ಣಾ, ಜಗಿಯಿರಿ.

ಸ್ಟ್ರೆಚರಿನಿಂದ ಮಾವ ನನ್ನನ್ನೇ ನೋಡುತ್ತಿದ್ದಾರೆ, ಬೈಯಲಿ, ಉಳಿದುಕೊಂಡು ಬೇಕಾದಷ್ಟು ಬೈಯಲಿ, ತುಟಿ ಅಲುಗಿತು, ಬಗ್ಗಿದೆ, ಟಿ.ಬಿ. ಅಲ್ಲವಾ ಮಗಾ ಅದು, ಅಲ್ಲ ಮಾವ, ಹಾಗಾದರೆ ಮಕ್ಕಳಿಗೆ ಅಂಟುವುದಿಲ್ಲವಾ, ಇಲ್ಲ ಮಾವ, ಯಾವತ್ತೂ ಅಂಟುತ್ತಿರಲಿಲ್ಲ, ಕಣ್ಣು ಮುಚ್ಚಿಕೊಂಡರು, ಸ್ಟ್ರೆಚರ್ ಓಡುತ್ತಿದೆ, ನಾನೂ ಓಡುತ್ತಿದ್ದೇನೆ, ಮಕ್ಕಳಿಗೆ ಎಂದರೆ ಯಾವ ಮಕ್ಕಳಿಗೆ, ಮನೆಯಲ್ಲಿ ಮಗುವೆಂದರೆ ನನ್ನ ಮಗಳು ಸಾತ್ವಿಕಾ ಒಬ್ಬಳೇ — ಪುತ್ತಿಗೆಯ ನಮ್ಮ ಮನೆಯಲ್ಲಿ ಅವಳನ್ನು ತೊಟ್ಟಿಲಿಗೆ ಹಾಕಿದ ದಿನ, ಎತ್ತಿಕೊಳ್ಳಿ ಮಾವ ಎಂದು ಮಗುವನ್ನು ಮುಂದೆ ಚಾಚಿದಾಗ, ಬೇಡ ಮಗಾ, ಕೈ ನಡುಗ್ತದೆ ಎಂದು ಹಿಂದೆ ಸರಿದಿದ್ದರು, ನಡುಗುತ್ತಲೇ ಇರಲಿಲ್ಲ ಆ ಕೈ, ಬೆನ್ನ ಹಿಂದೆ ಕಟ್ಟಿಕೊಂಡಿದ್ದರು, ಅವಳ ಹುಟ್ಟುಹಬ್ಬಕ್ಕೂ ಬೆನ್ನ ಹಿಂದೆ, ಮೊನ್ನೆ ಅಜ್ಜಾ ಎಂದು ಓಡಿಬಂದಾಗಲೂ ಬೆನ್ನ ಹಿಂದೆ, ಆ ಎರಡು ಕೈ, ಬೆನ್ನ ಹಿಂದೆ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡ ಆ ಎರಡು ಕೈ