ಎಲ್ಲರದ್ದೂ ಆಫ್

"ಅಕ್ಕಾ, ಇನ್ನೂ ಹೋಗಿಲ್ವಾ?" ಎಂದು ಹೆಡ್ಮೇಷ್ಟ್ರು ಕುರ್ಚಿಯಿಂದಲೇ ಕೇಳಿದಾಗ ಆಕೆಯ ಕಿವಿ ಬಿಸಿಯಾಯಿತು. ಹೋಗಬೇಕಾಗಿದ್ದುದು ಆಕೆ ಬರೆದ ಕೋಡು. ಎಲ್ಲರ ಕೋಡೂ ಸೇರುವ ಆಫೀಸಿನ ಸರ್ವರ್‌ಗೆ ಕಳಿಸು ಎಂದರೆ, ಕಳಿಸುವ ತಂತ್ರಾಂಶ ಗಿಟ್ ಬೆಳಗಿನಿಂದ 'ಸರ್ಟಿಫಿಕೇಟ್ ಸರಿಯಿಲ್ಲ' ಎಂದು ಪಟ್ಟು ಹಿಡಿದು ಕೂತಿತ್ತು.

ಹೆಡ್ಮೇಷ್ಟ್ರೆಂದರೆ ತಂಡದ ಮುಖ್ಯಸ್ಥರು. ಆಕೆಗಿಂತ ವಯಸ್ಸಿನಲ್ಲಿ ಚಿಕ್ಕವರೇ. ಬೇರೆಯವರ ಕೋಡಿನಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಬಿಡುತ್ತಿರಲಿಲ್ಲವಾದ್ದರಿಂದ ಆ ಹೆಸರು. ಮಗಳು ದೊಡ್ಡವಳಾದ ಮೇಲೆ ಮತ್ತೆ ಕೆಲಸಕ್ಕೆ ಸೇರಿದ ಆಕೆಯ ಪರೀಕ್ಷಾವಧಿ ಇವತ್ತು ಶುಕ್ರವಾರಕ್ಕೆ ಮುಗಿಯುತ್ತಿತ್ತು. ಉಳಿಸಿಕೊಳ್ಳುವುದೋ ಬಿಡುವುದೋ, ಸಂಜೆ ಅವರೇ ಮ್ಯಾನೇಜರಿಗೆ ಹೇಳಬೇಕು. "ಅಮ್ಮಾ, ಇದು ನಿನ್ ಕಾಲದ ಕಂಪ್ಯೂಟರ್ ಅಲ್ಲ" ಎಂದು ಮಗಳೇ ನಕ್ಕಿದ್ದಳು. ಆಕೆಗೆ ನಿಜಕ್ಕೂ ಭಯವಾಗಿತ್ತು.

"ಆ ಚೆಕಿಂಗ್ ಆಫ್ ಮಾಡ್ಬಿಡಿ ಅಕ್ಕಾ" ಎಂದಳು ಪಕ್ಕದ ಮೇಜಿನ ಹುಡುಗಿ. "ನಮ್ಮೆಲ್ಲರದ್ದೂ ಆಫೇ. ಇಲ್ಲಿ ಸೇರಿದ ದಿನ ಮೊದಲು ಮಾಡೋ ಕೆಲಸಾನೇ ಅದು."

ಆಕೆಯ ಹಳೆಯ ಲ್ಯಾಪ್‌ಟಾಪಿನಲ್ಲೂ ಯಾರೋ ಮೊದಲೇ ಆಫ್ ಮಾಡಿಟ್ಟಿದ್ದರು. ಅದು ಕೈಕೊಟ್ಟು ನಿನ್ನೆಯಷ್ಟೇ ಹೊಸದು ಬಂದಿತ್ತು. ಆಕೆ ಆಫ್ ಮಾಡುವ ಸಾಲನ್ನು ಟೈಪ್ ಮಾಡಿದಳು, ಆದರೆ ಎಂಟರ್ ಒತ್ತಲು ಕೈ ಬರಲಿಲ್ಲ. ಆ ಕಡೆ ಇರುವುದು ನಮ್ಮ ಸರ್ವರ್ರೇ ಹೌದೋ ಅಲ್ಲವೋ ಎಂದು ನೋಡುವುದನ್ನೇ ಬಿಟ್ಟರೆ ಹೇಗೆ? ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ತನ್ನನ್ನೇ ಬೈದುಕೊಂಡು, ಯಾರೂ ಓದದ ಆ ದೋಷದ ಸಂದೇಶವನ್ನು ಪೂರ್ತಿ ಓದಿದಳು.

ಸರ್ವರ್‌ನ ಸರ್ಟಿಫಿಕೇಟಿಗೆ, ಅಂದರೆ ಅದರ ಗುರುತುಚೀಟಿಗೆ, ಸಹಿ ಹಾಕಿದವರು ಯಾರೋ ಗೊತ್ತಿಲ್ಲ ಎನ್ನುತ್ತಿತ್ತು ಗಿಟ್. ಸಹಿ ಹಾಕಿದ್ದು ಆಫೀಸೇ. ಆಫೀಸಿನ ಮೂಲ ಸರ್ಟಿಫಿಕೇಟನ್ನು ತರಿಸಿಕೊಂಡು, ಅದು ಎಲ್ಲಿದೆಯೆಂದು ಗಿಟ್‌ಗೆ ತೋರಿಸಿದಳು. ಈ ಸಲ ರಾಗ ಬದಲಾಯಿತು: ಸರ್ವರ್‌ನ ಸರ್ಟಿಫಿಕೇಟಿನ ಅವಧಿ ಮುಗಿದಿದೆ. ತೆಗೆದು ನೋಡಿದರೆ ಮುಗಿದು ಎರಡು ವರ್ಷವಾಗಿತ್ತು. ನೋಡಿಕೊಳ್ಳುವವರ ಜಾಗದಲ್ಲಿ ಹೆಡ್ಮೇಷ್ಟ್ರ ಇಮೇಲ್ ಇತ್ತು. ಆಕೆಗೆ ಒಳಗೊಳಗೇ ಖುಷಿಯಾಯಿತು, ಆಗಲಿಲ್ಲವೆಂದರೆ ಸುಳ್ಳಾದೀತು.

ಅಷ್ಟರಲ್ಲಿ ಮ್ಯಾನೇಜರು ಹೆಡ್ಮೇಷ್ಟ್ರ ಮೇಜಿನ ಬಳಿ ಬಂದು ನಿಂತಿದ್ದರು.

"ಸರ್, ಒಂದ್ನಿಮಿಷ ಇಲ್ಲಿ ಬರ್ತೀರಾ?" ಎಂದು ಆಕೆ ಹೆಡ್ಮೇಷ್ಟ್ರನ್ನು ಕರೆದಳು.

"ಅಲ್ಲಿಂದಾನೇ ಹೇಳಿ ಅಕ್ಕಾ. ಒಂದು ಸೆಟ್ಟಿಂಗೂ ನಾನೇ ಬಂದು ಮಾಡ್ಕೊಡ್ಬೇಕಾ?"

ಇಬ್ಬರು ಮೂವರು ನಕ್ಕರು.

"ಸೆಟ್ಟಿಂಗ್ ಸರಿ ಇದೆ ಸರ್" ಎಂದಳು. "ಸರ್ವರ್‌ದೇ ಅವಧಿ ಮುಗಿದಿದೆ. ಎರಡು ವರ್ಷ ಆಯ್ತು. ಎಲ್ಲರೂ ಚೆಕಿಂಗ್ ಆಫ್ ಮಾಡ್ಕೊಂಡಿರೋದಕ್ಕೆ ಯಾರಿಗೂ ಗೊತ್ತಾಗಿಲ್ಲ."

"ಅದನ್ನ ಯಾರು ನೋಡ್ಕೋಬೇಕಿತ್ತು?" ಎಂದರು ಮ್ಯಾನೇಜರು.

ಆಕೆ ತೆರೆಯತ್ತ ತಿರುಗಿದಳು. ಹೆಡ್ಮೇಷ್ಟ್ರು ಎದ್ದು ಬಂದು ಬಗ್ಗಿ ಓದಿದರು.

"ನಾನೇ" ಎಂದರು.

ಮಧ್ಯಾಹ್ನ ಅವರೇ ಕೂತು ಹೊಸದಕ್ಕೆ ಅರ್ಜಿ ಹಾಕಿದರು. ಹೊಸ ಸರ್ಟಿಫಿಕೇಟ್ ಬಂತು, ಆಕೆಯ ಕೋಡು ತಕರಾರಿಲ್ಲದೆ ಹೋಯಿತು. ಸಂಜೆ ಹೆಡ್ಮೇಷ್ಟ್ರು ಮ್ಯಾನೇಜರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಾಗ ಆಕೆ ಬಾಟಲಿಯ ನೀರನ್ನೆಲ್ಲ ಕುಡಿದು ಮುಗಿಸಿದಳು. ಎಂಥ ಕೆಲಸ ಮಾಡಿಬಿಟ್ಟೆ, ನಾಲ್ಕು ಜನರ ಮುಂದೆ!

ಹೊರಗೆ ಬಂದವರು ಕುರ್ಚಿ ಎಳೆದುಕೊಂಡು ಆಕೆಯ ಪಕ್ಕ ಕೂತರು.

"ಅಕ್ಕಾ, ಆಫ್ ಮಾಡೋದು ಕಣ್ಮುಚ್ಚಿ ಮಾಡ್ತೀನಿ. ಸರಿಯಾಗಿ ಆನ್ ಮಾಡೋದನ್ನ ತೋರ್ಸಿ. ಸೋಮವಾರ ಎಲ್ಲರ ಮಷೀನಲ್ಲೂ ನೀವೇ ಕೂತು ಮಾಡಿಸ್ಬೇಕು."

"ಸೋಮವಾರಾನಾ ಸರ್?"

"ಹೂಂ. ಯಾಕೆ, ರಜಾ ಬೇಕಿತ್ತಾ?"

"ಇಲ್ಲ, ಇಲ್ಲ!" ಎಂದಳು. ಅದೆಷ್ಟು ಜೋರಾಗಿತ್ತೆಂದರೆ, ಇಡೀ ಕೋಣೆಯೇ ತಿರುಗಿ ನೋಡಿತು.