ಯುವಕ ಮಂಡಲದ ಅಧ್ಯಕ್ಷರ ಪ್ರಾಯ

ಅಲೆವೂರಿನ ಉದಯತಾರೆ ಯುವಕ ಮಂಡಲಕ್ಕೆ ಐವತ್ತು ತುಂಬಿದ ವರ್ಷ ಅದರ ಅಧ್ಯಕ್ಷ ಶೇಖರರಿಗೆ ಅರವತ್ತೆಂಟು ತುಂಬಿತ್ತು. ಕಟ್ಟಿದ ದಿನದಿಂದ ಅವರೇ ಅಧ್ಯಕ್ಷರು, ಗೆಳೆಯ ಫೌಸ್ಟಿನ್ ಕಾರ್ಯದರ್ಶಿ. ಇದರಲ್ಲಿ ಏನೋ ವಿಚಿತ್ರವಿದೆ ಎಂದು ಇಬ್ಬರಿಗೂ ಒಮ್ಮೆಯೂ ಅನ್ನಿಸಿರಲಿಲ್ಲ.

ಸುವರ್ಣ ಮಹೋತ್ಸವಕ್ಕೆ ಸ್ಮರಣ ಸಂಚಿಕೆ ತರುವುದೆಂದಾಯಿತು. ಹಳೆಯ ನಿರ್ಣಯ ಪುಸ್ತಕಗಳನ್ನು ಟೈಪ್ ಮಾಡುವ ಕೆಲಸ ಶೇಖರರ ಮೊಮ್ಮಗಳು ವಿಜೇತಾಳ ತಲೆಗೆ ಬಿತ್ತು. ಮಣಿಪಾಲದಲ್ಲಿ ಪಿಯುಸಿ ಓದುವ ಹುಡುಗಿ, ದಸರಾ ರಜೆಯಲ್ಲಿದ್ದಳು. ಮುಖ ಊದಿಸಿಕೊಂಡು ಕೂತವಳು ಅರ್ಧ ಗಂಟೆಯೊಳಗೆ ಒಬ್ಬಳೇ ನಗತೊಡಗಿದಳು.

"ಅಜ್ಜ, ಇದು ನಿಮ್ಮದೇ ಅಕ್ಷರವಾ? 'ಬೆಲ್‌ಬಾಟಮ್ ತೊಟ್ಟ ಸದಸ್ಯನನ್ನು ಊರ ಹಿರಿಯರು ಗೇಲಿ ಮಾಡಿದಲ್ಲಿ, ಸರ್ವ ಸದಸ್ಯರೂ ಬೆಲ್‌ಬಾಟಮ್ ತೊಟ್ಟು ಅವರ ಮನೆಯೆದುರು ನಡೆಯತಕ್ಕದ್ದು.'"

"ನಡೆದದ್ದು ಹೌದು," ಎಂದರು ಶೇಖರ ಗಂಭೀರವಾಗಿ. "ಹನ್ನೊಂದು ಜನ, ಇದ್ದದ್ದು ಎರಡೇ ಪ್ಯಾಂಟು. ಸರದಿಯಲ್ಲಿ ತೊಟ್ಟು ನಡೆಯುವಾಗ ಸಂಜೆ ಆಯಿತು."

"ನಿಮ್ಮ ಅಪ್ಪ ಹದಿನಾರು ವರ್ಷದಲ್ಲಿ ಎಂತ ಹಾಕುತ್ತಿದ್ದರು?"

"ಅವರಿಗೆಲ್ಲಿಯ ಹದಿನಾರು! ಹನ್ನೆರಡಕ್ಕೆ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಗ್ಲಾಸು ತೊಳೆದವರು. ಊರಿಗೆ ಬರುವಾಗ ಮೀಸೆ ಬಂದಿತ್ತು, ಮರುವಾರ ಮದುವೆ. ನಡುವೆ ಒಂದು ಪ್ರಾಯ ಉಂಟು ಅಂತ ಕಂಡುಹಿಡಿದದ್ದೇ ನಾವು."

ಆ ಪ್ರಾಯ ಹೇಗೆ ಬೆಳೆಯಿತೆಂಬುದು ಪುಸ್ತಕಗಳಲ್ಲಿತ್ತು. ಮೊದಲು ಟ್ರಾನ್ಸಿಸ್ಟರ್ ಯಾರ ಮನೆಯಲ್ಲಿರಬೇಕು ಎಂಬ ಜಗಳ. ಆಮೇಲೆ ಕಿವಿ ಮುಚ್ಚುವ ಕೂದಲಿನ ಹಕ್ಕು. ಎಂಬತ್ತಮೂರರಲ್ಲಿ ಕ್ರಿಕೆಟ್ಟಿಗಾಗಿ ಟಿವಿ, ಅದರ ಆಂಟೆನಾ ತಿರುಗಿಸಲು ಮಾಡಿನ ಮೇಲೆ ಒಬ್ಬ ಕಾಯಂ ಸದಸ್ಯ. ಬಳಿಕ ವಿಸಿಆರ್. ಮನೆಮನೆಗೆ ಕೇಬಲ್ ಬಂದ ಮೇಲೆ ಪುಟದಿಂದ ಪುಟಕ್ಕೆ ಒಂದೇ ವಾಕ್ಯ: "ಕೋರಂ ಇಲ್ಲದ ಕಾರಣ ಸಭೆ ಮುಂದೂಡಲಾಯಿತು." ಕೊನೆಯ ಹೊಸ ಸದಸ್ಯ ಸೇರಿದ್ದು ತೊಂಬತ್ತಾರರಲ್ಲಿ. ಅವನೀಗ ಕತಾರಿನಲ್ಲಿದ್ದ.

ಎಲ್ಲಕ್ಕಿಂತ ಹಿಂದಿನ ಪುಸ್ತಕದ ಮೊದಲ ಪುಟ ವಿಜೇತಾಳಿಗೆ ಸಿಕ್ಕಿದ್ದು ಕೊನೆಗೆ. ಅಂಟಿಕೊಂಡಿತ್ತು. ಬಿಡಿಸಿ ಓದಿದವಳು ನಗಲಿಲ್ಲ. ಭಾನುವಾರ ಬೆಳಿಗ್ಗೆ ಪುಸ್ತಕ ಹಿಡಿದು ನೇರ ಸಭೆಗೇ ಬಂದಳು. ಐದು ಮಂದಿ ಹಿರಿಯರು ಶಾಮಿಯಾನದ ಬಣ್ಣದ ಬಗ್ಗೆ ಚರ್ಚಿಸುತ್ತಿದ್ದರು.

"ನಿಯಮ ಎರಡು," ಎಂದು ಓದಿದಳು. "'ಮೂವತ್ತೈದು ದಾಟಿದವರು ಮುದುಕರೆನಿಸಿಕೊಂಡು ಸದಸ್ಯತ್ವ ಕಳೆದುಕೊಳ್ಳತಕ್ಕದ್ದು.'"



"ಯಾರು ಬರೆದದ್ದು ಅದನ್ನು?" ಎಂದರು ಫೌಸ್ಟಿನ್.

"ಅಜ್ಜ. ಕೆಳಗೆ ನಿಮ್ಮ ಸಹಿ ಉಂಟು, ಅಂಕಲ್."

"ಆಗ ಮೂವತ್ತೈದು ಅಂದರೆ ತುಂಬಾ ದೂರ ಇತ್ತು," ಎಂದರು ಶೇಖರ ಸಣ್ಣ ಸ್ವರದಲ್ಲಿ.

ಫೌಸ್ಟಿನ್ ಚುರುಕಾದರು. "ತಿದ್ದುಪಡಿ ಮಾಡುವ ಮಾರಾಯ. ಮೂವತ್ತೈದನ್ನು ಎಪ್ಪತ್ತೈದು ಮಾಡಿದರಾಯ್ತು."

"ತಿದ್ದುಪಡಿಗೆ ಮೂರನೇ ಎರಡರಷ್ಟು ಸದಸ್ಯರ ಒಪ್ಪಿಗೆ ಬೇಕು," ಎಂದಳು ವಿಜೇತಾ. "ಈಗ ಸದಸ್ಯರೇ ಇಲ್ಲವಲ್ಲ. ನೀವು ಯಾರೂ ಅಲ್ಲ."

ತಾವು ಯಾರೂ ಅಲ್ಲವೆಂಬುದು ಐವರ ತಲೆಗೂ ಮೆಲ್ಲಗೆ ಇಳಿಯಿತು. ಶಾಮಿಯಾನದ ಮಾತು ಅಲ್ಲೇ ನಿಂತಿತು. ನಿಯಮ ಏಳರ ಪ್ರಕಾರ, ಹದಿನೈದು ದಾಟಿದ ಮೂವರು ಸೇರಿದರೆ ಸಭೆ ಕರೆಯಬಹುದಿತ್ತು. ಅದನ್ನೂ ಅವಳೇ ಹೇಳಿ ಹೊರಟಳು.

ಶೇಖರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಐವತ್ತು ವರ್ಷ ನಡೆಸಿದವನನ್ನು ಸ್ವಂತ ಮೊಮ್ಮಗಳು ತೆಗೆದುಹಾಕಿದಳು," ಎಂದು ಹೆಂಡತಿಯ ಹತ್ತಿರ ಹೇಳಿಕೊಂಡರು.

"ತೆಗೆದುಹಾಕಿದ್ದು ಅವಳಲ್ಲ, ಹದಿನೆಂಟು ವರ್ಷದ ನೀವು," ಎಂದರು ಚಂಪಾ, ಬಸಳೆ ಹೆಚ್ಚುತ್ತಾ. "ಆ ಹುಡುಗ ನನಗೂ ಗೊತ್ತು. ಭಾರೀ ಹಟಮಾರಿ."

ಬುಧವಾರ ಸಂಜೆ ವಿಜೇತಾ, ಅವಳ ಸಹಪಾಠಿ ವಿಕಾಸ್, ಎರ್ಮಾಳಿನಿಂದ ಅಜ್ಜಿಮನೆಗೆ ಬಂದು ಓದುತ್ತಿದ್ದ ಪ್ರಖ್ಯಾತ್, ಮೂವರೂ ಮಂಡಲದ ಕೋಣೆಯಲ್ಲಿ ಸಭೆ ಸೇರಿದರು. ಶೇಖರ ಮತ್ತು ಫೌಸ್ಟಿನ್ ಹೊರಗೆ ಕಿಟಕಿಯ ಬಳಿ ನಿಂತರು.

"ವೈಫೈ ಕೇಳುತ್ತಾರೆ, ನೋಡು," ಎಂದರು ಫೌಸ್ಟಿನ್. "ಮತ್ತೆ ದೊಡ್ಡ ಡಿಜೆ."

ಒಳಗಿನಿಂದ ವಿಜೇತಾಳ ಸ್ವರ ಕೇಳಿಸಿತು: "ನಿರ್ಣಯ ಒಂದು. ಹಿರಿಯರು ಯಾವಾಗ ಬೇಕಾದರೂ ಬರಬಹುದು, ಕ್ಯಾರಂ ಆಡಬಹುದು. ಆದರೆ ಮಂಡಲದೊಳಗೆ ಯಾರನ್ನೂ 'ಎಷ್ಟು ಮಾರ್ಕು ಬಂತು' ಮತ್ತು 'ಮುಂದೆ ಎಂತ ಮಾಡ್ತಿ' ಎಂದು ಕೇಳಬಾರದು."

"ಮತ್ತೆ ಎಂತ ಮಾತಾಡುವುದು ಇವರ ಹತ್ತಿರ?" ಎಂದರು ಶೇಖರ, ನಿಜಕ್ಕೂ ಕಂಗಾಲಾಗಿ.

ಮಹೋತ್ಸವದ ಹೊತ್ತಿಗೆ ಸದಸ್ಯರು ಹದಿನಾಲ್ಕಾದರು. ಅವರಲ್ಲಿ ಹುಡುಗಿಯರೇ ಆರು. ಆಮಂತ್ರಣ ಪತ್ರದಲ್ಲಿ ಅಧ್ಯಕ್ಷೆಯ ಹೆಸರು ಓದಿದ ಶೇಖರ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಒಂದು ವಾರ ಊರಿಗೆಲ್ಲ ತೋರಿಸಿದರು.

ಕಾರ್ಯಕ್ರಮ ಮುಗಿದ ಮರುದಿನ ಮಧ್ಯಾಹ್ನ ಅವರು ಮಂಡಲಕ್ಕೆ ಹೋದಾಗ ವಿಕಾಸ್ ಒಬ್ಬನೇ ಕ್ಯಾರಂ ಬೋರ್ಡಿಗೆ ಪೌಡರ್ ಹಾಕುತ್ತಿದ್ದ. ಶೇಖರ ಎದುರು ಕೂತರು. ನಾಲಗೆಯ ತುದಿಗೆ ಬಂದ ಎರಡು ಪ್ರಶ್ನೆಗಳೂ ನಿಷಿದ್ಧ. ಸುಮ್ಮನೆ ಆಡಿದರು. ನಾಲ್ಕು ಕಾಯಿ ಹೋದ ಮೇಲೆ ಹುಡುಗನೇ ಕೇಳಿದ.

"ಅಂಕಲ್, ನಿಮಗೆ ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು?"

ಆ ಪ್ರಶ್ನೆಯನ್ನು ಯಾರಾದರೂ ಕೇಳಿ ಅರ್ಧ ಶತಮಾನವಾಗಿತ್ತು. ಶೇಖರ ಬಾಗಿಲ ಕಡೆ ನೋಡಿದರು. "ಎರಡು ಸಲ ಫೇಲು. ಗಣಿತ."

ವಿಕಾಸ್ ಸ್ಟ್ರೈಕರನ್ನು ಬೆರಳಲ್ಲಿ ತಿರುಗಿಸಿದ. "ನನಗೂ ಗಣಿತವೇ. ಈ ಟೆಸ್ಟಿನಲ್ಲಿ. ಮನೆಯಲ್ಲಿ ಇನ್ನೂ ಹೇಳಿಲ್ಲ."

"ನಾನು ಮೂರು ತಿಂಗಳು ಹೇಳಿರಲಿಲ್ಲ," ಎಂದರು ಶೇಖರ. "ಅಷ್ಟು ಕಾಯಬೇಡ, ಹೊಟ್ಟೆನೋವು ಬರುತ್ತದೆ. ಬೇಕಾದರೆ ನಾನೂ ಬರುತ್ತೇನೆ. ಒಂದು ಆಟ ಮುಗಿಸಿ ಹೋಗುವ."

ಆ ಆಟದಲ್ಲಿ ವಿಕಾಸ್ ಸೋತ. ಇಬ್ಬರೂ ಚಪ್ಪಲಿ ಹಾಕಿಕೊಂಡು ಅವನ ಮನೆ ಕಡೆ ನಡೆದರು.