ಯಜಮಾನಿಯ ಹೊಸ ಮುಖ

"ನನ್ನ ಕಿವಿ ಮೇಲೆ ಹೂ ಇಡ್ತೀಯೇನೇ? ಇದು ನಮ್ಮ ಯಜಮಾನಿ ಅಂತೆ! ನನ್ನದು ಸತ್ತುಹೋಯ್ತು ಅಂತ ನೇರವಾಗಿ ಹೇಳು. ಯಾವುದೋ ಗಂಡು ತಂದು ಕಿಟಕೀಲಿ ಕೂರಿಸಿ ನಾಟಕ ಆಡಬೇಡ!"

"ನಾಟಕ ಆಡೋಕೆ ನನಗೇನು ಬೇರೆ ಕೆಲಸ ಇಲ್ವಾ? ಮೇಜಿನ ಮೇಲೆ ಅಂಗಿಗಳ ಗುಡ್ಡ ಬಿದ್ದಿದೆ, ಕಣ್ಣು ಕಾಣಲ್ವಾ?"

"ಹಾಗಾದ್ರೆ ಈ ಗದ್ದ ಯಾರದು? ಈ ಬೆನ್ನಿನ ಮುಳ್ಳು ಯಾರದು? ನಿಮ್ಮಪ್ಪಂದಾ?"

"ನಮ್ಮಪ್ಪನೇ ನಿಮ್ಮಪ್ಪಾನೂ. ಮಾತು ನೋಡಿಕೊಂಡು ಆಡು."

ಅಣ್ಣ ಹಡಗಿನಲ್ಲಿ ಅಡುಗೆಯವನು. ಒಂದೂವರೆ ವರ್ಷದ ಮೇಲೆ ಅಂದು ಬೆಳಿಗ್ಗೆ ಮನೆಗೆ ಬಂದಿದ್ದ. ಹೆಗಲಿನ ಚೀಲ ಇಳಿಸುವ ಮೊದಲೇ, ಮನೆಯ ಮುಂದಿನ ಕೋಣೆಯಲ್ಲಿರುವ ತಂಗಿಯ ಹೊಲಿಗೆ ಅಂಗಡಿಗೆ ನುಗ್ಗಿ ಕಿಟಕಿಯತ್ತ ನಡೆದಿದ್ದ. ಅಲ್ಲಿ ಬಿಸಿಲಿಗೆ ಮೈಯೊಡ್ಡಿ ಕೂತಿರುವುದು ಅವನು ಅಂಗೈಯಗಲದ ಮರಿಯಿಂದ ಸಾಕಿದ ಹೆಣ್ಣು ಇಗುವಾನಾ. ಬೀದಿಯವರ ಬಾಯಲ್ಲಿ ಅದು ದೊಡ್ಡ ಓತಿಕ್ಯಾತ. ಮನೆಯಲ್ಲಿ ಮಾತ್ರ ಯಜಮಾನಿ. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಉಳಿದವರು ಅಣ್ಣ, ತಂಗಿ ಮತ್ತು ಅದು. ಅಣ್ಣ ಹಡಗು ಹತ್ತಿದರೆ ತಂಗಿ ಮತ್ತು ಅದು.

ಅವನ ಕೋಪಕ್ಕೆ ಕಾರಣ ಇರಲಿಲ್ಲವೆನ್ನುವಂತಿಲ್ಲ. ಅವನು ಬಿಟ್ಟುಹೋದದ್ದು ಸಣ್ಣ ತಲೆಯ, ನುಣುಪು ಕತ್ತಿನ, ತೆಳು ಹಸಿರಿನ ಪ್ರಾಣಿ. ಈಗ ಕಿಟಕಿಯಲ್ಲಿದ್ದದ್ದು ಜಗಳಗಂಟಿ ಪೈಲ್ವಾನನಂತಿತ್ತು. ಅವನನ್ನು ಕಂಡೊಡನೆ ತಲೆಯನ್ನು ಮೇಲೆ ಕೆಳಗೆ ಕುಣಿಸಿ, ಯಾರಯ್ಯಾ ನೀನು ಎನ್ನುವ ಹಾಗೆ ಗದರಿತ್ತು.

ತಂಗಿಗೆ ಎಲ್ಲವೂ ಗೊತ್ತಿತ್ತು. ಅಣ್ಣ ಹೋದ ಕೆಲವೇ ತಿಂಗಳಿಗೆ ಯಜಮಾನಿ ಸೊಪ್ಪು ಮುಟ್ಟುವುದನ್ನು ನಿಲ್ಲಿಸಿತ್ತು. ಬಟ್ಟೆಚೂರಿನ ಬುಟ್ಟಿಗಿಳಿದು ಕೆರೆದದ್ದೇ ಕೆರೆದದ್ದು. ಹೊಟ್ಟೆ ಊದಿ, ಕಾಲು ಕಡ್ಡಿಯಾಗಿ, ಕಣ್ಣು ಗುಳಿಬಿದ್ದಿತ್ತು. ಅವಳು ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಪಶುವೈದ್ಯೆಯ ಬಳಿಗೆ ಓಡಿದ್ದಳು.

"ಗಂಡಿನ ಸಹವಾಸ ಇಲ್ಲದಿದ್ರೂ ಇವಕ್ಕೆ ಮೊಟ್ಟೆ ಕಟ್ಟುತ್ತಮ್ಮ. ಕಟ್ಟಿದ್ದು ಹೊರಗೆ ಬರ್ತಿಲ್ಲ," ಎಂದಿದ್ದಳು ವೈದ್ಯೆ. "ಅಂಡಾಶಯಾನೇ ತೆಗೀಬೇಕು. ಬಿಟ್ರೆ ಉಳಿಯಲ್ಲ."

"ತೆಗೀರಿ," ಎಂದಿದ್ದಳು ಇವಳು. ಯೋಚಿಸುವುದಕ್ಕೇನಿತ್ತು?

ಯೋಚಿಸಬೇಕಾದದ್ದು ಆಮೇಲೆ ಬಂತು. ರಾತ್ರಿ ಅಣ್ಣ ಎಂದಿನಂತೆ ಯಜಮಾನಿಯ ಫೋಟೋ ಕೇಳಿದ. ನಡುಸಮುದ್ರದಲ್ಲಿ ಇರುವವನಿಗೆ ಹೊಟ್ಟೆ ಹೊಲಿಸಿಕೊಂಡು ಮಲಗಿದ ಪ್ರಾಣಿಯನ್ನು ತೋರಿಸಿ ಆಗಬೇಕಾದದ್ದೇನು? ಅವಳು ಫೋನಿನಲ್ಲಿದ್ದ ಹಳೆಯ ಫೋಟೋ ಒಂದನ್ನು ಕಳಿಸಿದಳು. ಅದು ಚೇತರಿಸಿಕೊಳ್ಳಲಿ, ಆಮೇಲೆ ಹೇಳೋಣ ಎಂದುಕೊಂಡಳು.

ಅದು ಚೇತರಿಸಿಕೊಂಡಿತು. ಚೇತರಿಸಿಕೊಂಡದ್ದು ಅಲ್ಲಿಗೇ ನಿಲ್ಲಲಿಲ್ಲ. ಮೊದಲು ಮೈ ತುಂಬಿತು. ಅಂಗಳದಲ್ಲಿ ಅಡ್ಡಾಡಿಸಲು ಅವಳೇ ಹೊಲಿದಿದ್ದ ಎದೆಪಟ್ಟಿ ಬಿಗಿಯಾಯಿತು. ಬಿಚ್ಚಿ ಅಗಲ ಮಾಡಿದಳು. ಸ್ವಲ್ಪ ದಿನಕ್ಕೆ ಅದು ಕತ್ತಿನ ಹತ್ತಿರ ಹಿಡಿಯತೊಡಗಿತು. ದವಡೆಯ ಕೆಳಗೆ ಎರಡೂ ಕಡೆ ಮಾಂಸ ಉಬ್ಬಿತ್ತು. ಕತ್ತಿನ ಮೇಲಿನ ಮುಳ್ಳುಗಳು ಉದ್ದುದ್ದವಾದವು. ತೊಡೆಯ ಒಳಬದಿಯಲ್ಲಿ ಚುಕ್ಕಿಯಷ್ಟಿದ್ದ ರಂಧ್ರಗಳು ದಪ್ಪವಾಗಿ, ಮೇಣದಂಥದ್ದು ಮೊಳೆಯ ಹಾಗೆ ಹೊರಚಾಚಿತು. ಪಕ್ಕದ ಇಸ್ತ್ರಿಯವನು ಬಗ್ಗಿ ನೋಡಿ, "ಏನಕ್ಕಾ, ನಿಮ್ಮ ಯಜಮಾನಿಗೆ ಇನ್ನು ಮೀಸೆಯೊಂದು ಬಾಕಿ," ಎಂದ.

ವೈದ್ಯೆ ನಕ್ಕಿರಲಿಲ್ಲ. "ಕೆಲವಕ್ಕೆ ಹೀಗಾಗತ್ತೆ, ಕೆಲವಕ್ಕೆ ಆಗಲ್ಲ. ಅಂಡಾಶಯ ಹೋದ ಮೇಲೆ ಹೆಣ್ಣಿನ ರೂಪ ಹಿಡಿದಿಡೋ ರಸ ಹೋಯ್ತಲ್ಲ. ಹುಷಾರಾಗಿದೆ, ತಿಂತಿದೆ. ಮುಖ ಹೇಗಿದ್ರೇನಮ್ಮ?"

ಮುಖ ಹೇಗಿದ್ದರೇನು ಎಂದು ತಂಗಿಗೂ ಅನ್ನಿಸಿತ್ತು. ದಿನಾ ನೋಡುವವರಿಗೆ ಮುಖ ಬದಲಾದದ್ದು ತಿಳಿಯುವುದೂ ಇಲ್ಲ. ಆದರೆ ಫೋಟೋ ಕೇಳುವವನು ದಿನಾ ನೋಡುವವನಲ್ಲ. ಹೊಸ ಫೋಟೋ ಕಳಿಸಿದರೆ ಆಪರೇಷನ್ನಿನ ಕಥೆ ಹೇಳಬೇಕು, ಅದನ್ನು ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕು. ಇಂದು ನಾಳೆ ಎನ್ನುತ್ತ ಹಳೆಯವನ್ನೇ ಕಳಿಸುತ್ತ ಹೋದಳು. ಈಗ ಅವಳು ನಿಜ ಹೇಳುತ್ತಿದ್ದಳು, ಅದು ಹಸಿ ಸುಳ್ಳಿನ ಹಾಗೆ ಕೇಳಿಸುತ್ತಿತ್ತು.

"ಹೊಟ್ಟೆ ನೋಡು, ಹೊಲಿಗೆ ಗುರುತಿದೆ," ಎಂದಳು.

"ಯಾವ ಗಂಡಿನ ಹೊಟ್ಟೆಗಾದ್ರೂ ಗೆರೆ ಎಳೆಸಬಹುದು. ನೀನು ದರ್ಜಿ, ನಿನಗೆ ಕಷ್ಟಾನಾ?"

"ಥೂ ನಿನ್ನ! ಹಿಂಗಾಲು ನೋಡು ಹಾಗಾದ್ರೆ. ಮರಿಯಾಗಿದ್ದಾಗ ಬಾಗಿಲು ದಬಾರಂತ ಹಾಕಿ ಅದರ ಬೆರಳು ಕತ್ತರಿಸಿದವನು ಯಾರು? ನಾನಾ?"

ಅವನು ಚೀಲ ಇಳಿಸಿ ಬಗ್ಗಿದ. ಯಜಮಾನಿ ಬಾಲ ಬೀಸಿ ಮುಂಗೈಗೆ ಒಂದು ಬಾರಿಸಿತು. ಲೆಕ್ಕಿಸದೆ ಎಡ ಹಿಂಗಾಲನ್ನು ಅಂಗೈಗೆ ತೆಗೆದುಕೊಂಡ. ಕಿರುಬೆರಳಿನ ಜಾಗದಲ್ಲಿ ಮೊಂಡು ಗಂಟು. ಅದನ್ನು ಹೆಬ್ಬೆರಳಿನಿಂದ ಸವರಿದ.

"ನಮ್ಮ ಹುಡುಗೀನೇ ಕಣೇ," ಎಂದ. "ಎಂಥ ಗಡವ ಆಗಿದಾಳೆ!"

"ಈಗ ಬಂತಾ ಬುದ್ಧಿ? ಕೂತ್ಕೋ, ಚಹಾ ಇಡ್ತೀನಿ." ಬಿರುಗಾಳಿ ಹಾದುಹೋಯಿತೆಂದು ತಂಗಿ ಒಲೆ ಹಚ್ಚಿದಳು. ತಿರುಗಿ ನೋಡಿದರೆ ಅಣ್ಣ ಫೋನ್ ಹಿಡಿದು ನಿಂತಿದ್ದ.

"ಇವೆಲ್ಲ ಹಳೇವಾ?"

"ಹೂಂ."

"ಹೋದ ವಾರದ್ದೂ?"

"ನೀನು ಗಾಬರಿಯಾಗ್ತೀಯ ಅಂತ, ಅಣ್ಣ."

"ಅಲ್ಲಿ ಕೂತು ಇವನ್ನೇ ನೋಡಿ ಮಾತಾಡಿಸ್ತಿದ್ನಲ್ಲೇ. ಜೊತೆಯವರಿಗೆಲ್ಲ ತೋರಿಸ್ತಿದ್ದೆ, ಇವತ್ತು ನೋಡಿ ಹೇಗೆ ಕೂತಿದಾಳೆ ಅಂತ." ಅವನ ದನಿಯಲ್ಲಿ ಕೋಪವಿರಲಿಲ್ಲ. ಅದೇ ಅವಳನ್ನು ಹೆದರಿಸಿತು. ಅವನು ಫೋನನ್ನು ಜೇಬಿಗಿಳಿಸಿದ. "ಅಮ್ಮ ಹೋದಾಗಲೂ ನಾನು ಹಡಗಲ್ಲೇ ಇದ್ದೆ. ನಿದ್ದೇಲೇ ಹೋದ್ಲು, ನಿನ್ನ ಕೇಳಲೇ ಇಲ್ಲ ಅಂದಿದ್ದೆ ನೀನು."

ಅವಳು ಬಾಯಿ ತೆರೆದಳು. ಅಮ್ಮ ಕೊನೆಯ ದಿನಗಳಲ್ಲಿ ಬಾಗಿಲು ಸದ್ದಾದಾಗಲೆಲ್ಲ ಅವನ ಹೆಸರು ಕೂಗಿದ್ದಳು. ಇಸ್ತ್ರಿಯವನು ಬಟ್ಟೆ ಕೊಡಲು ಬಂದರೂ ಅವನೇ ಎಂದುಕೊಂಡಿದ್ದಳು. ಇದನ್ನು ಹೇಳಿದರೆ ಅಣ್ಣ ಮುರಿಯುತ್ತಾನೆ. ಇಲ್ಲ, ಕೇಳಲಿಲ್ಲ ಎಂದು ಮತ್ತೊಮ್ಮೆ ಹೇಳಿದರೆ ನಂಬುವುದಿಲ್ಲ. ಬೀದಿಗೇ ಬಾಯಿಬಡುಕಿ ಎನ್ನಿಸಿಕೊಂಡವಳು ಚಹಾಕ್ಕೆ ಸಕ್ಕರೆ ಹಾಕಿದಳು.

ಅಣ್ಣ ಅವಳ ಮುಖ ನೋಡುತ್ತಲೇ ಇದ್ದ.

"ಬಿಡು," ಎಂದ. "ಇನ್ನು ನೀನು ಏನು ಹೇಳಿದ್ರೂ ನನಗೆ ಹಿಂಗಾಲು ನೋಡಬೇಕು ಅನ್ಸತ್ತೆ."

ಚೀಲವನ್ನು ಹೆಗಲಿಗೇರಿಸಿದ. ಯಜಮಾನಿಯ ತಲೆಯನ್ನೊಮ್ಮೆ ಮುಟ್ಟಿದ. ಈ ಸಲ ಅದು ಗದರಲಿಲ್ಲ.

"ಎಲ್ಲಿಗೆ? ಚಹಾ ಆಗ್ತಿದೆ ಅಣ್ಣ."

"ಕುಡಿ."

ಕೋಪ ಮಾಡಿಕೊಂಡು ಹೋಗುವುದು, ಹಸಿವಾದಾಗ ಬರುವುದು ಅವನಿಗೆ ಚಿಕ್ಕಂದಿನಿಂದ ರೂಢಿ. ಅವಳು ಎರಡು ಲೋಟಕ್ಕೂ ಚಹಾ ಸುರಿದಳು. ಊಟಕ್ಕೂ ಇಬ್ಬರಿಗಾಗುವಷ್ಟು ಬೇಯಿಸಿದಳು. ಅಣ್ಣ ಹತ್ತಿದ ಹಡಗು ಬಂದರು ಬಿಟ್ಟಿತೆಂದು ಇಸ್ತ್ರಿಯವನು ಬಂದು ಹೇಳುವವರೆಗೂ ಹಾಗೇ ಬೇಯಿಸುತ್ತಿದ್ದಳು.